ಖಿನ್ನತೆಗೆ ಚಿಕಿತ್ಸೆ: ಮೈಸೂರು-ಮಂಡ್ಯ ಕಡೆಯವರು ಎಲ್ಲಿಂದ ಶುರು ಮಾಡಬೇಕು, ಅರ್ಧಕ್ಕೆ ಯಾಕೆ ಬಿಡಬಾರದು

ನಮ್ಮ ಕಡೆ ಖಿನ್ನತೆ ಮೊದಲು ಮನೋವೈದ್ಯರ ಹತ್ತಿರ ಹೋಗುವುದೇ ಇಲ್ಲ. ಊರಿನ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಳ್ಳುತ್ತದೆ. ಆಮೇಲೆ ಟಾನಿಕ್ ಕುಡಿಯುತ್ತದೆ, ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತದೆ, ತಲೆ ಸ್ಕ್ಯಾನ್ ಮಾಡಿಸುತ್ತದೆ, ಎಲ್ಲಾ ನಾರ್ಮಲ್ ಅಂತ ರಿಪೋರ್ಟ್ ಬಂದ ಮೇಲೆ ದೃಷ್ಟಿ ತೆಗೆಸಿಕೊಂಡು, ತಾಯತ ಕಟ್ಟಿಸಿಕೊಂಡು, ಮಾದಪ್ಪನ ಬೆಟ್ಟಕ್ಕೂ ಹೋಗಿ ಬರುತ್ತದೆ. ಅಷ್ಟರಲ್ಲಿ ಆರು ತಿಂಗಳೋ ವರ್ಷವೋ ಕಳೆದಿರುತ್ತದೆ. ಜನ ದಡ್ಡರು ಅಂತ ನಾನು ಹೇಳುತ್ತಿಲ್ಲ. ಈ ಕಾಯಿಲೆ ಮೈಯಲ್ಲಿ ಕಾಣಿಸಿಕೊಳ್ಳುವುದೇ ಜಾಸ್ತಿ. ಸುಸ್ತು, ತಲೆಭಾರ, ಎದೆ ಹಿಡಿದ ಹಾಗೆ, ಊಟ ಸೇರದಿರುವುದು, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು. ಮನಸ್ಸಿನ ವಿಷಯ ಯಾರೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ.

ನಮ್ಮ ಚಿಕ್ಕಮ್ಮನ ಜೊತೆ ಆಸ್ಪತ್ರೆಗೆ ಓಡಾಡಿದವಳು ನಾನು. ಅಂದಿನಿಂದ ನೆಂಟರಿಷ್ಟರಲ್ಲಿ ಯಾರಿಗೆ ಇಂಥದ್ದು ಆದರೂ ಫೋನ್ ನನಗೇ ಬರುತ್ತದೆ. ನಾನು ಡಾಕ್ಟರ್ ಅಲ್ಲ, ಮಾತ್ರೆ ಹೇಳುವವಳೂ ಅಲ್ಲ. ಆದರೆ ಯಾವ ಬಾಗಿಲು ತಟ್ಟಬೇಕು, ಒಳಗೆ ಹೋದ ಮೇಲೆ ಏನು ನಡೆಯುತ್ತದೆ, ಎಲ್ಲಿ ಎಡವುತ್ತಾರೆ ಅನ್ನುವುದು ಗೊತ್ತಾಗಿದೆ. ನಮ್ಮ ಎರಡು ಜಿಲ್ಲೆಗಳಲ್ಲಿ ಚಿಕಿತ್ಸೆ ಸಿಗುವುದು ಅಷ್ಟೇನೂ ಕಷ್ಟವಿಲ್ಲ. ಅದನ್ನು ಅರ್ಧಕ್ಕೆ ಬಿಡದೆ ಮುಂದುವರಿಸುವುದು ಕಷ್ಟ. ಹಾಗಾಗಿ ಇಲ್ಲಿ ಜಾಸ್ತಿ ಬರೆದಿರುವುದು ಆ ಭಾಗದ ಬಗ್ಗೆಯೇ.

ಮುಂದೆ ಓದುವ ಮೊದಲು ಒಂದು ಮಾತು. ನಿಮಗೆ ಅಥವಾ ನಿಮ್ಮ ಮನೆಯಲ್ಲಿ ಯಾರಿಗಾದರೂ ಸಾಯುವ ಯೋಚನೆ ಬರುತ್ತಿದ್ದರೆ ಈ ಬರಹ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕಟ್ಟಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಏನಾದರೂ ಮಾಡಿಕೊಂಡಾಗಿದ್ದರೆ ಅಥವಾ ಮಾಡಿಕೊಳ್ಳುವ ಹಾಗೆ ಕಂಡರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಒಬ್ಬರನ್ನೇ ಬಿಡಬೇಡಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ನೋಡುತ್ತದೆ. ಅವರಿಗೆ ಬೇಕಾಗಿರುವುದು ಆರೈಕೆ, ಶಿಕ್ಷೆಯಲ್ಲ ಎನ್ನುವುದು ಅದರ ಅರ್ಥ.

ಬರೀ ಬೇಜಾರೋ, ಕಾಯಿಲೆಯೋ

ಬೆಳೆ ಹೋಯಿತು, ಮದುವೆ ಮುರಿಯಿತು, ಮನೆಯಲ್ಲಿ ಸಾವಾಯಿತು ಅಂದರೆ ಬೇಜಾರಾಗದೆ ಇರುತ್ತದಾ? ಅದೆಲ್ಲಾ ಕಾಯಿಲೆಯಲ್ಲ. ಡಾಕ್ಟರುಗಳು ನೋಡುವುದು ಎರಡು ವಾರದ ಲೆಕ್ಕ. ದಿನದ ಜಾಸ್ತಿ ಹೊತ್ತು, ಹೆಚ್ಚುಕಮ್ಮಿ ಪ್ರತಿದಿನ, ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿರುವುದು, ಇಲ್ಲವೇ ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿರುವುದು. ಇವೆರಡರಲ್ಲಿ ಒಂದಾದರೂ ಇರಬೇಕು. ಅದರ ಜೊತೆ ನಿದ್ದೆ ಕೆಡುವುದು, ಊಟ ಅಥವಾ ತೂಕ ಏರುಪೇರಾಗುವುದು, ಸುಸ್ತು, ಗಮನ ನಿಲ್ಲದಿರುವುದು, ತಾನು ಯಾತಕ್ಕೂ ಬಾರದವನು ಅನಿಸುವುದು, ಮೈ ನಿಧಾನವಾಗುವುದು ಅಥವಾ ಚಡಪಡಿಸುವುದು, ಸಾವಿನ ಯೋಚನೆ. ಒಟ್ಟು ಒಂಬತ್ತರಲ್ಲಿ ಐದು ಇದ್ದು ದಿನದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ಅದನ್ನು ಖಿನ್ನತೆ ಅನ್ನುತ್ತಾರೆ. ಇದನ್ನೇ ಒಂಬತ್ತು ಪ್ರಶ್ನೆ ಮಾಡಿ ಪಿಎಚ್‌ಕ್ಯು-9 ಅಂತ ಒಂದು ಪಟ್ಟಿ ಇದೆ, 0ಯಿಂದ 27ರವರೆಗೆ ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರನ್ನು ನೋಡಲೇಬೇಕು ಅಂದುಕೊಳ್ಳಿ. ಆ ಅಂಕವೇ ಕಾಯಿಲೆಯ ಸರ್ಟಿಫಿಕೇಟ್ ಅಲ್ಲ. ಅದು ಜಾಸ್ತಿ ಉಪಯೋಗಕ್ಕೆ ಬರುವುದು ಆಮೇಲೆ. ತಿಂಗಳಿಗೊಮ್ಮೆ ಅದೇ ಪ್ರಶ್ನೆಗಳಿಗೆ ಉತ್ತರ ಬರೆದು ಇಟ್ಟುಕೊಂಡರೆ, ಚಿಕಿತ್ಸೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಗಂಡಸರಲ್ಲಿ ಇದು ಅಳುವಾಗಿ ಬರದೆ ಸಿಡುಕಾಗಿ, ಕುಡಿತವಾಗಿ ಬರಬಹುದು. ವಯಸ್ಸಾದವರಲ್ಲಿ ಮರೆವಿನ ಹಾಗೆ ಕಾಣಬಹುದು. "ಅಜ್ಜಿಗೆ ಅರಳುಮರಳು" ಅಂತ ಸುಮ್ಮನಾಗಿಬಿಡುತ್ತಾರೆ, ಆದರೆ ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಅಂಥ ಮರೆವು ಎಷ್ಟೋ ಸರಿಹೋಗುತ್ತದೆ.

ಮೊದಲ ಭೇಟಿಯಲ್ಲೇ ರಕ್ತ ಪರೀಕ್ಷೆ ಬರೆದುಕೊಟ್ಟರೆ ಗೊಣಗಬೇಡಿ. ಥೈರಾಯ್ಡ್ ಕಡಿಮೆಯಾದರೆ, ರಕ್ತ ಕಡಿಮೆಯಿದ್ದರೆ, ಬಿ12 ಕಡಿಮೆಯಿದ್ದರೆ ಖಿನ್ನತೆಯ ಹಾಗೆಯೇ ಕಾಣುತ್ತದೆ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಜಾಸ್ತಿ. ಡಾಕ್ಟರು ಬರೆಯದಿದ್ದರೆ ನೀವೇ ಕೇಳಿ.

ಎಲ್ಲಿಗೆ ಹೋಗುವುದು

"ನೇರ ನಿಮ್ಹಾನ್ಸ್‌ಗೆ ಕರಕೊಂಡು ಹೋಗ್ಬಿಡ್ಲಾ?" ಅನ್ನುವುದು ನನಗೆ ಬರುವ ಮೊದಲ ಪ್ರಶ್ನೆ. ಬೇಡ. ಮೊದಲ ಸಲಕ್ಕೆ ಬೆಂಗಳೂರು ಬೇಕಿಲ್ಲ. ಖಿನ್ನತೆಗೆ ತಿಂಗಳುಗಟ್ಟಲೆ ಹೋಗಿ ಬರಬೇಕು. ಆಸ್ಪತ್ರೆ ದೂರವಾದಷ್ಟೂ ಮೂರನೇ ಭೇಟಿಗೆ ಹೋಗದೇ ಇರುವುದು ಗ್ಯಾರಂಟಿ. ಹತ್ತಿರ ಇರುವುದನ್ನೇ ಹಿಡಿಯಿರಿ.

ಮೈಸೂರಲ್ಲಾದರೆ ದೊಡ್ಡಾಸ್ಪತ್ರೆ, ಅಂದರೆ ಕೆ.ಆರ್. ಆಸ್ಪತ್ರೆ. ಮೈಸೂರು ಮೆಡಿಕಲ್ ಕಾಲೇಜಿನದು, ಮನೋವೈದ್ಯ ವಿಭಾಗ ಇದೆ. ರಶ್ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಅಗ್ರಹಾರದ ಕಡೆ ಜೆಎಸ್ಎಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ಮಂಡ್ಯದಲ್ಲಿ ಮಿಮ್ಸ್, ಅಂದರೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ನಾಗಮಂಗಲ, ಬೆಳ್ಳೂರು ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ. ಮೆಡಿಕಲ್ ಕಾಲೇಜು ಅಂದರೆ ಓದುವ ಹುಡುಗರು ಮೊದಲು ವಿಚಾರಿಸುತ್ತಾರೆ, ಆಮೇಲೆ ದೊಡ್ಡ ಡಾಕ್ಟರು ನೋಡುತ್ತಾರೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ. ನನಗೆ ಮಾತ್ರ ಆ ಹುಡುಗರೇ ಮೇಲು, ಪೂರ್ತಿ ಕಥೆ ಕೂತು ಕೇಳುವವರು ಅವರೇ.

ಇನ್ನೊಂದು ದಾರಿ ತುಂಬಾ ಜನಕ್ಕೆ ಗೊತ್ತಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇದೆ. ಇದನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ, 1996ರಿಂದ ಅದೇ ಮಾದರಿ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಅದರ ಜೊತೆ ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಒಂದು ಏರ್ಪಾಡಿದೆ, ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅನ್ನುವುದನ್ನು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಪಾಂಡವಪುರದವರು, ಕೆ.ಆರ್. ಪೇಟೆಯವರು, ಹುಣಸೂರಿನವರು ಮಾತ್ರೆಗಾಗಿ ಪ್ರತಿ ತಿಂಗಳು ಪಟ್ಟಣಕ್ಕೆ ಬರಬೇಕಾಗಿಲ್ಲ. ಒಮ್ಮೆ ಮೆಡಿಕಲ್ ಕಾಲೇಜಿನಲ್ಲಿ ಚಿಕಿತ್ಸೆ ಶುರುವಾದರೆ, ಮುಂದಿನ ಮಾತ್ರೆ ತಾಲೂಕಿನಲ್ಲೇ ತಗೊಳ್ಳಬಹುದಾ ಅಂತ ವಿಚಾರಿಸಿ.

ಆಸ್ಪತ್ರೆ ಮೆಟ್ಟಿಲು ಹತ್ತಲು ಮನಸ್ಸೇ ಬರದಿದ್ದರೆ 14416ರಿಂದಲೇ ಶುರು ಮಾಡಬಹುದು. ಈ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಾಯುವ ಯೋಚನೆ ಇದ್ದವರಿಗೆ ಮಾತ್ರ ಅಂತ ಏನಿಲ್ಲ. ನಿದ್ದೆ ಬರ್ತಿಲ್ಲ, ಏನು ಮಾಡಲಿ ಅಂತಲೂ ಕೇಳಬಹುದು. ಮನೆಯವರು ಫೋನ್ ಮಾಡಿ ಸಲಹೆ ಕೇಳಬಹುದು.

ಇಲ್ಲಿ ಯಾರು ಯಾರು ಅನ್ನುವುದೂ ಗೊತ್ತಿರಲಿ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮಾನಸಿಕ ಕಾಯಿಲೆಯಲ್ಲಿ ಮೇಲಿನ ಓದು ಮಾಡಿದವರು. ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮಾತಿನ ಚಿಕಿತ್ಸೆ ಕಲಿತವರು, ಅವರ ಹೆಸರು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರಲ್ಲಿ ಒಳ್ಳೆಯವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮಾಡಿ ಕುಳಿತವರೂ ಇದ್ದಾರೆ. ಏನು ಓದಿದ್ದೀರಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಇನ್ನು ನರರೋಗ ತಜ್ಞರು ಬೇರೆಯೇ. ಪಾರ್ಶ್ವವಾಯು, ಮೂರ್ಛೆ ಎಲ್ಲ ಅವರದು. "ನರದ ಡಾಕ್ಟರ ಹತ್ತಿರ ಹೋಗಿದ್ವಿ" ಅನ್ನುವುದು ನೆಂಟರ ಮುಂದೆ ಹೇಳಲು ಸುಲಭ ಅನ್ನುವುದಕ್ಕೆ ಎಷ್ಟೋ ಜನ ಅಲ್ಲಿಗೆ ಹೋಗುತ್ತಾರೆ, ಅಲ್ವಾ?

ಡಾಕ್ಟರ ಮುಂದೆ ಏನು ಹೇಳಬೇಕು

ಓಪಿಡಿಯಲ್ಲಿ ಸಮಯ ಕಡಿಮೆ. ಕುರ್ಚಿ ಮೇಲೆ ಕೂತ ಕೂಡಲೇ ಎಲ್ಲಾ ಮರೆತುಹೋಗುತ್ತದೆ, ಅಥವಾ ಪಕ್ಕದಲ್ಲಿ ಕೂತ ಅಣ್ಣನೋ ಅತ್ತೆಯೋ ಪೂರ್ತಿ ಮಾತಾಡಿಬಿಡುತ್ತಾರೆ. ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವಾಗಿಂದ ಶುರುವಾಯಿತು, ನಿದ್ದೆ ಹೇಗಿದೆ, ಊಟ ಹೇಗಿದೆ, ಯಾವ ಕೆಲಸ ಬಿಟ್ಟುಹೋಗಿದೆ, ಈಗ ತಗೊಳ್ಳುತ್ತಿರುವ ಮಾತ್ರೆಗಳು ಯಾವುವು. ಬಿಪಿ, ಶುಗರ್ ಮಾತ್ರೆಯ ಜೊತೆಗೆ ಮಂಡಿನೋವಿನ ಮಾತ್ರೆ, ನಾಟಿ ಔಷಧಿ, ಆಯುರ್ವೇದದ ಪುಡಿ ಎಲ್ಲವನ್ನೂ ಹೇಳಿ. ಕೆಲವು ನೋವಿನ ಮಾತ್ರೆ ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ.

ಮೂರು ವಿಷಯ ಮುಚ್ಚಿಡಲೇಬಾರದು. ಕುಡಿತ ಎಷ್ಟು ಅನ್ನುವುದು ಮೊದಲನೆಯದು. ಎರಡನೆಯದು ಸಾಯುವ ಯೋಚನೆ ಇದೆಯಾ ಅನ್ನುವುದು. ಮೂರನೆಯದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಬೇಕು: ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು ಬಂದು, ಮಾತು ನಿಲ್ಲದೆ, ಕೈಮೀರಿ ದುಡ್ಡು ಖರ್ಚು ಮಾಡಿ, ಊರಿಗೆ ನಾನೇ ದೊಡ್ಡವನು ಅನ್ನುವ ಹಾಗೆ ಇದ್ದದ್ದುಂಟಾ? ಮನೆಯಲ್ಲಿ ಬೇರೆ ಯಾರಿಗಾದರೂ ಹಾಗಾಗಿತ್ತಾ? ಹಾಗಿದ್ದರೆ ಅದು ಬೈಪೋಲಾರ್ ಇರಬಹುದು. ಅಂಥವರಿಗೆ ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ಆ ಹುರುಪಿನ ಸ್ಥಿತಿ ಮತ್ತೆ ಏರಿಬಿಡಬಹುದು, ಚಿಕಿತ್ಸೆಯ ದಾರಿಯೇ ಬೇರೆ.

ಮನೆಯವರು ಹತ್ತು ನಿಮಿಷ ಹೊರಗೆ ಕೂರಲಿ ಅಂತ ಕೇಳುವ ಹಕ್ಕು ನಿಮಗಿದೆ. ಗಂಡನ ಮುಂದೆ, ಅತ್ತೆಯ ಮುಂದೆ ಹೇಳಲಾಗದ ಮಾತು ಎಷ್ಟೋ ಇರುತ್ತದೆ. ಅಲ್ಲಿ ಹೇಳಿದ್ದು ಗುಟ್ಟಾಗಿ ಇರಬೇಕು ಅನ್ನುವುದು 2017ರ ಕಾಯ್ದೆಯಲ್ಲೇ ಇದೆ.

ಮಾತ್ರೆಯ ಕಥೆ

ಈಗ ಸಾಮಾನ್ಯವಾಗಿ ಮೊದಲು ಬರೆಯುವುದು ಎಸ್ಎಸ್ಆರ್‌ಐ ಅನ್ನುವ ಗುಂಪಿನ ಮಾತ್ರೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಕ್ಸೆಟಿನ್ ಇವೆಲ್ಲ ಅದರಲ್ಲಿ ಬರುತ್ತವೆ. ನಿದ್ದೆ, ಹಸಿವು ಎರಡೂ ಹೋಗಿದ್ದರೆ ಕೆಲವರಿಗೆ ಮಿರ್ಟಾಜಪಿನ್ ಕೊಡುತ್ತಾರೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳೂ ಬಳಕೆಯಲ್ಲಿವೆ, ಅವುಗಳಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಮಂಪರು ಜಾಸ್ತಿ. ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಬೇಡಿ. ವಯಸ್ಸು, ಬೇರೆ ಕಾಯಿಲೆ, ಹಿಂದೆ ಮನೆಯಲ್ಲಿ ಯಾರಿಗೆ ಯಾವುದು ಹಿಡಿಸಿತ್ತು, ಇದೆಲ್ಲಾ ನೋಡಿ ಡಾಕ್ಟರು ಬರೆಯುತ್ತಾರೆ.

ನೀವು ತಿಳಿದುಕೊಳ್ಳಬೇಕಾದ್ದು ಮೊದಲ ತಿಂಗಳಲ್ಲಿ ಏನಾಗುತ್ತದೆ ಅನ್ನುವುದನ್ನು. ಮೊದಲ ವಾರ ತೊಂದರೆ ಮೊದಲು ಬರುತ್ತದೆ, ಗುಣ ಬರುವುದಿಲ್ಲ. ಹೊಟ್ಟೆ ತೊಳೆಸಿದ ಹಾಗೆ, ತಲೆನೋವು, ಕೆಲವರಿಗೆ ಭೇದಿ, ಕೆಲವರಿಗೆ ಮಂಪರು, ಕೆಲವರಿಗೆ ಚಡಪಡಿಕೆ. ಜಾಸ್ತಿ ಜನರಿಗೆ ಒಂದೆರಡು ವಾರದಲ್ಲಿ ಇದು ಇಳಿಯುತ್ತದೆ. ಊಟದ ನಂತರ ತಗೊಂಡರೆ ಹೊಟ್ಟೆಗೆ ಸ್ವಲ್ಪ ವಾಸಿ. ಗುಣ ಕಾಣುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಫಲ ನೋಡಲು ಆರು ವಾರವಾದರೂ ಕೊಡಬೇಕು. ನಾಟಿ ಹಾಕಿದ ಹದಿನೈದನೇ ದಿನಕ್ಕೆ ಯಾರೂ ಕುಡುಗೋಲು ಹಿಡಿದು ಗದ್ದೆಗೆ ಇಳಿಯುವುದಿಲ್ಲ. ಆದರೆ ಮಾತ್ರೆ ಶುರುವಾದ ಹತ್ತನೇ ದಿನಕ್ಕೆ "ನಂಗೆ ಇದು ಹಿಡಿಸಲಿಲ್ಲ ಕಣೇ, ಬಿಟ್ಬಿಟ್ಟೆ" ಅನ್ನುವ ಫೋನ್ ಬರುತ್ತದೆ. ನಮ್ಮ ಕಡೆ ಚಿಕಿತ್ಸೆ ಮುರಿಯುವುದು ಬಹಳ ಸಲ ಇಲ್ಲೇ. ತೊಂದರೆ ತಡೆಯಲಾಗದಿದ್ದರೆ ಬಿಡಬೇಡಿ, ಡಾಕ್ಟರಿಗೆ ಹೇಳಿ. ಡೋಸ್ ಕಡಿಮೆ ಮಾಡಬಹುದು, ರಾತ್ರಿ ಬದಲು ಬೆಳಿಗ್ಗೆ ಕೊಡಬಹುದು, ಬೇರೆ ಮಾತ್ರೆಗೆ ಬದಲಾಯಿಸಬಹುದು.

ಮೊದಲು ಸುಧಾರಿಸುವುದು ಸಾಮಾನ್ಯವಾಗಿ ನಿದ್ದೆ, ಹಸಿವು, ಸ್ವಲ್ಪ ಓಡಾಡುವ ಶಕ್ತಿ. ಮನಸ್ಸು ತಿಳಿಯಾಗುವುದು ಆಮೇಲೆ. ಇದನ್ನು ಕಾಯಿಲೆಯವರಿಗಿಂತ ಮೊದಲು ಮನೆಯವರು ಗಮನಿಸುತ್ತಾರೆ. ನಮ್ಮ ಚಿಕ್ಕಮ್ಮ "ಏನೂ ಆಗಿಲ್ಲ" ಅಂತ ಹೇಳುತ್ತಲೇ ಇದ್ದರು, ಆದರೆ ಸಂಜೆ ಹಾಲು ಹಾಕೋಕೆ ಡೈರಿಗೆ ತಾವೇ ಹೊರಡಲು ಶುರು ಮಾಡಿದ್ದರು. ಮೊದಲ ಕೆಲವು ವಾರ ಎಚ್ಚರವೂ ಬೇಕು. ಅದರಲ್ಲೂ 25 ವರ್ಷದ ಒಳಗಿನವರಲ್ಲಿ ಮಾತ್ರೆ ಶುರು ಮಾಡಿದ ಹೊಸತರಲ್ಲಿ ಸಾಯುವ ಯೋಚನೆ, ಚಡಪಡಿಕೆ ಹೆಚ್ಚಾಗಬಹುದು. ಹಾಸ್ಟೆಲಲ್ಲಿರುವ ಮಗನಿಗೆ ಮಾತ್ರೆ ಶುರುವಾಗಿದ್ದರೆ ಆ ದಿನಗಳಲ್ಲಿ ಮನೆಗೆ ಕರೆಸಿಕೊಳ್ಳಿ, ಇಲ್ಲವೇ ದಿನಾ ಮಾತಾಡಿ.

ಯಾರೂ ಕೇಳದ, ಆದರೆ ಎಷ್ಟೋ ಜನ ಮಾತ್ರೆ ಬಿಡಲು ಕಾರಣವಾಗುವ ಇನ್ನೊಂದು ತೊಂದರೆ ಇದೆ. ಲೈಂಗಿಕ ಆಸಕ್ತಿ ಕಡಿಮೆಯಾಗುವುದು. ನಾಚಿಕೊಂಡು ಕೂತರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಅದಕ್ಕೂ ಬದಲಿ ಮಾತ್ರೆ ಇದೆ.

"ಇದು ಅಭ್ಯಾಸ ಆಗಿಬಿಡುತ್ತದಂತೆ" ಅನ್ನುವ ಮಾತಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಮೇಲೆ ಹೇಳಿದ ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಚಟ ಹಿಡಿಸುವುದು ನಿದ್ದೆ ಮಾತ್ರೆಗಳು, ಅಂದರೆ ಆಲ್ಪ್ರಾಜೋಲಾಮ್, ಕ್ಲೊನಾಜೆಪಾಮ್ ಥರದವು. ಮೊದಲ ಕೆಲವು ವಾರ ನಿದ್ದೆಗಾಗಿ ಇವನ್ನೂ ಕೊಡುವುದುಂಟು, ಅದು ಸರಿಯೇ. ಆದರೆ ತಕ್ಷಣ ಆರಾಮ ಕೊಡುವುದು ಇದೇ ಆದ್ದರಿಂದ ಜನ ಖಿನ್ನತೆಯ ಮಾತ್ರೆ ಬಿಟ್ಟು ಇದನ್ನು ಮಾತ್ರ ಮೆಡಿಕಲ್ ಶಾಪಲ್ಲಿ ಹೇಗೋ ತಂದುಕೊಂಡು ವರ್ಷಗಟ್ಟಲೆ ನುಂಗುತ್ತಾರೆ. ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಾಜೆಪಾಮ್ ಸೇರಿಸಿದ ಮಾತ್ರೆಯೂ ಮಾರುಕಟ್ಟೆಯಲ್ಲಿದೆ. ಹಾಗಾಗಿ ಸ್ಟ್ರಿಪ್ ತಿರುಗಿಸಿ ನೋಡಿ, ಎರಡು ಹೆಸರಿದ್ದರೆ ಎರಡನೆಯದು ಏನು, ಎಷ್ಟು ದಿನ ಅಂತ ಕೇಳಿ.

ಮೊದಲ ಮಾತ್ರೆ ಸರಿಯಾಗಿ ತಗೊಂಡೂ ಕೆಲಸ ಮಾಡದಿದ್ದರೆ? ಅದು ಅಪರೂಪವೇನಲ್ಲ. ಅಮೆರಿಕದಲ್ಲಿ ಸುಮಾರು 4,000 ಜನರನ್ನು ಸೇರಿಸಿ ಸ್ಟಾರ್-ಡಿ ಅಂತ ಒಂದು ಅಧ್ಯಯನ ನಡೆದಿತ್ತು. ಅದರಲ್ಲಿ ಮೊದಲ ಮಾತ್ರೆಯಿಂದಲೇ ಪೂರ್ತಿ ಗುಣವಾದವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಿಗೆ ಡೋಸ್ ಏರಿಸಿ, ಮಾತ್ರೆ ಬದಲಾಯಿಸಿ, ಇನ್ನೊಂದು ಸೇರಿಸಿ ಮುಂದಕ್ಕೆ ಹೋಗಬೇಕಾಯಿತು. ಆದ್ದರಿಂದ ಎರಡನೇ ಮಾತ್ರೆ ಬರೆದರೆ "ಡಾಕ್ಟರಿಗೆ ಗೊತ್ತಾಗ್ತಿಲ್ಲ" ಅಂತ ಬೇರೆ ಆಸ್ಪತ್ರೆಗೆ ಓಡಬೇಡಿ. ಪ್ರತಿ ಸಲ ಡಾಕ್ಟರನ್ನು ಬದಲಾಯಿಸಿದರೆ ಕಥೆ ಮತ್ತೆ ಮೊದಲಿನಿಂದ.

ಗುಣವಾದ ಮೇಲೆ ಬಿಡುವುದು ಇನ್ನೊಂದು ಗಂಡಾಂತರ. ಪೂರ್ತಿ ಹುಷಾರಾದ ದಿನದಿಂದ ಲೆಕ್ಕ ಹಾಕಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಇದು ಎರಡನೇ ಸಲವೋ ಮೂರನೇ ಸಲವೋ ಬಂದಿದ್ದರೆ ಎರಡು ವರ್ಷ, ಇನ್ನೂ ಜಾಸ್ತಿಯೂ ಆಗಬಹುದು. ಬಿಡುವಾಗ ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದು, ಇವೆಲ್ಲ ಬರುತ್ತವೆ. ಆಗ ಜನ "ನೋಡಿ, ಚಟ ಹಿಡಿದಿತ್ತು" ಅನ್ನುತ್ತಾರೆ. ಅದು ಚಟವಲ್ಲ, ಇಳಿಸದೆ ಬಿಟ್ಟಿದ್ದು. ಹಬ್ಬಕ್ಕೆ, ಮದುವೆಗೆ ಊರಿಗೆ ಹೋಗುವಾಗ ಮಾತ್ರೆ ಮನೆಯಲ್ಲಿ ಮರೆತು ಹೋಗಿ ಹೀಗಾಗುವುದೂ ಉಂಟು, ನಾಲ್ಕು ದಿನದ್ದು ಜಾಸ್ತಿ ಇಟ್ಟುಕೊಳ್ಳಿ.

ಬಸುರಿ, ಬಾಣಂತಿಯರ ವಿಷಯ ಎರಡು ಮಾತು. ಹೆರಿಗೆಯ ನಂತರದ ಖಿನ್ನತೆಗೂ ಚಿಕಿತ್ಸೆ ಇದೆ, ಎದೆಹಾಲು ಕುಡಿಸುತ್ತಲೇ ತಗೊಳ್ಳಬಹುದಾದ ಮಾತ್ರೆ ಇದೆ. ಸರ್ಟ್ರಾಲಿನ್ ಅಂಥವುಗಳಲ್ಲಿ ಒಂದು. ತಾವೇ ಬಿಡುವುದೂ ಬೇಡ, ತಾವೇ ಶುರು ಮಾಡುವುದೂ ಬೇಡ. ಆದರೆ ಬಾಣಂತಿ ನಿದ್ದೆಯಿಲ್ಲದೆ, ಅಸಂಬದ್ಧ ಮಾತಾಡುತ್ತಾ, ಮಗುವಿನ ಬಗ್ಗೆ ವಿಚಿತ್ರವಾಗಿ ಹೇಳುತ್ತಿದ್ದರೆ, ಅಂದರೆ ಹಳ್ಳಿಯಲ್ಲಿ ಬಾಣಂತಿ ಸನ್ನಿ ಅನ್ನುತ್ತಾರಲ್ಲ ಅದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಾಳೆ ನೋಡೋಣ ಅನ್ನುವ ವಿಷಯವಲ್ಲ.

ಮಾತಿನ ಚಿಕಿತ್ಸೆ

ಖಿನ್ನತೆ ಹಗುರವಾಗಿದ್ದರೆ ಮಾತ್ರೆಯಿಲ್ಲದೆ ಮಾತಿನ ಚಿಕಿತ್ಸೆಯಲ್ಲೇ ಗುಣವಾಗಬಹುದು. ಮಧ್ಯಮವಾಗಿದ್ದರೆ ಯಾವುದಾದರೊಂದು ಸಾಕಾಗಬಹುದು. ಜೋರಾಗಿದ್ದರೆ ಎರಡೂ ಬೇಕು. ಜೋರಾಗಿರುವವರನ್ನು ಮಾತ್ರೆಯಿಲ್ಲದೆ ಬರೀ ಕೌನ್ಸೆಲಿಂಗ್‌ಗೆ ಕಳಿಸಿದರೆ ಅವರಿಗೆ ಅಲ್ಲಿ ಕೂತು ಮಾತಾಡಲೂ ಆಗುವುದಿಲ್ಲ.

ಇದು ಬುದ್ಧಿಮಾತು ಹೇಳುವುದಲ್ಲ. ಸಿಬಿಟಿ ಅನ್ನುವ ವಿಧಾನ ಜಾಸ್ತಿ ಬಳಕೆಯಲ್ಲಿದೆ, ಅಮೆರಿಕದ ಆರನ್ ಬೆಕ್ ಅನ್ನುವ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದ್ದು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಸುಮಾರು ಮೂರು ನಾಲ್ಕು ತಿಂಗಳು. "ನನ್ನ ಕೈಲಿ ಏನೂ ಆಗಲ್ಲ" ಅನ್ನುವಂಥ ಯೋಚನೆ ಬಂದಾಗ ಅದನ್ನು ಹಿಡಿದು ನೋಡುವುದು, ಅದಕ್ಕೆ ಆಧಾರ ಇದೆಯಾ ಅಂತ ಪರೀಕ್ಷಿಸುವುದು, ಮನೆಗೆ ಹೋಗಿ ಮಾಡಲು ಸಣ್ಣ ಕೆಲಸ, ಮುಂದಿನ ವಾರ ಅದರ ಲೆಕ್ಕ. ಸಂಬಂಧಗಳಲ್ಲಿನ ತೊಡಕಿನಿಂದ ಬಂದ ಖಿನ್ನತೆಗೆ ಐಪಿಟಿ ಅಂತ ಇನ್ನೊಂದಿದೆ.

ನನಗೆ ತುಂಬಾ ಹಿಡಿಸಿದ್ದು ಇವುಗಳಲ್ಲಿ ಸರಳವಾದದ್ದು, ಕೆಲಸದಿಂದ ಮನಸ್ಸನ್ನು ಎಬ್ಬಿಸುವ ವಿಧಾನ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಇದನ್ನು ಮಾಡಿಸಿದರು, ಆರರಿಂದ ಎಂಟು ಭೇಟಿಯಲ್ಲಿ ಜೋರಾದ ಖಿನ್ನತೆ ಇದ್ದವರಿಗೂ ಫಲ ಕಂಡಿತು. ವಿಷಯ ಇಷ್ಟೇ. ಖಿನ್ನತೆ ಬಂದವರು ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾಯುತ್ತಾರೆ, ಮಾಡದೇ ಇದ್ದಷ್ಟೂ ಮನಸ್ಸು ಕುಗ್ಗುತ್ತದೆ, ಕುಗ್ಗಿದಷ್ಟೂ ಮಾಡುವುದಿಲ್ಲ. ಹಾಗಾಗಿ ಮನಸ್ಸನ್ನು ಕಾಯದೆ ಗಡಿಯಾರ ನೋಡಿ ಮಾಡಬೇಕು. ಬೆಳಿಗ್ಗೆ ಏಳಕ್ಕೆ ಎದ್ದು ಮುಖ ತೊಳೆದು ಬಾಗಿಲಿಗೆ ನೀರು ಹಾಕುವುದು. ರಂಗೋಲಿ ನಾಲ್ಕೇ ಚುಕ್ಕಿ ಇದ್ದರೂ ಸಾಕು. ಹತ್ತಕ್ಕೆ ಸೊಪ್ಪು ಬಿಡಿಸುವುದು. ಸಂಜೆ ಐದಕ್ಕೆ ಅಂಗಡಿವರೆಗೆ ಹೋಗಿ ಬರುವುದು. ಕುಕ್ಕರಹಳ್ಳಿ ಕೆರೆ ಪೂರ್ತಿ ಸುತ್ತುತ್ತಿದ್ದ ಮನುಷ್ಯನಿಗೆ ಮೊದಲ ವಾರ ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗುವುದೇ ಗುರಿ ಆಗಬಹುದು, ಅದಕ್ಕೆ ನಗಬಾರದು. ಮಾಡಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ಆಗ ಮನಸ್ಸು ಹೇಗಿತ್ತು ಅಂತ ಹತ್ತಕ್ಕೆ ಅಂಕ ಹಾಕಬೇಕು. ಯಾವ ಕೆಲಸ ಮಾಡಿದಾಗ ಮನಸ್ಸು ಸ್ವಲ್ಪ ಏಳುತ್ತದೆ ಅನ್ನುವುದು ಎರಡು ವಾರದಲ್ಲಿ ಕಾಣುತ್ತದೆ, ಅದನ್ನು ಜಾಸ್ತಿ ಮಾಡಬೇಕು.

ಕನ್ನಡದಲ್ಲಿ ಮಾತಾಡುವವರನ್ನೇ ಕೇಳಿ ಹುಡುಕಿ. ಅಳು ಬರುವ ಮಾತನ್ನು ಇಂಗ್ಲಿಷಿನಲ್ಲಿ ಹೇಳೋಕೆ ಆಗುತ್ತದಾ? ಮೂರು ಸಿಟ್ಟಿಂಗಿನಲ್ಲಿ ಗುಣ ಅಂತ ಗ್ಯಾರಂಟಿ ಕೊಡುವವರು, ಮನೋವೈದ್ಯರ ಮಾತ್ರೆ ನಿಲ್ಲಿಸಿ ಅನ್ನುವವರು, ನಿಮ್ಮ ಕಥೆ ಕೇಳದೆ ತಮ್ಮ ಕಥೆ ಹೇಳುವವರು, ಇವರಿಂದ ದೂರ ಇರಿ. ಒಬ್ಬರ ಜೊತೆ ಮೂರು ನಾಲ್ಕು ಸಲ ಕೂತರೂ ಹೊಂದದಿದ್ದರೆ ಬೇರೆಯವರನ್ನು ನೋಡಬಹುದು. ಇಲ್ಲಿ ಮಾತ್ರ ಬದಲಾಯಿಸುವುದು ತಪ್ಪಲ್ಲ.

ನಡಿಗೆ, ಯೋಗ, ವ್ಯಾಯಾಮ ಹಗುರ ಮತ್ತು ಮಧ್ಯಮ ಖಿನ್ನತೆಗೆ ನಿಜವಾಗಿ ಉಪಯೋಗ. ಯೋಗ ಕಲಿಯಲು ಎಲ್ಲೆಲ್ಲಿಂದಲೋ ಮೈಸೂರಿನ ಗೋಕುಲಂ ಬಡಾವಣೆಗೆ ಬಂದು ಮನೆ ಬಾಡಿಗೆ ಹಿಡಿಯುತ್ತಾರೆ, ನಮ್ಮವರು ಪಕ್ಕದ ಪಾರ್ಕಿಗೂ ಹೋಗುವುದಿಲ್ಲ. ಆದರೆ ಹಾಸಿಗೆಯಿಂದ ಏಳಲಾಗದವರಿಗೆ "ಪ್ರಾಣಾಯಾಮ ಮಾಡು, ಎಲ್ಲಾ ಹೋಗುತ್ತೆ" ಅನ್ನುವುದು ಕ್ರೂರ. ಮಾತ್ರೆ ನಡೆಯುತ್ತಿರಲಿ, ಇದು ಜೊತೆಗೆ ಇರಲಿ. ದೇವಸ್ಥಾನಕ್ಕೆ ಹೋಗುವುದರಿಂದ ನೆಮ್ಮದಿ ಸಿಗುತ್ತಿದ್ದರೆ ಧಾರಾಳ ಹೋಗಿ. ಹರಕೆಗೂ ಮಾತ್ರೆಗೂ ಜಗಳವಿಲ್ಲ.

ಯಾವುದಕ್ಕೂ ಬಗ್ಗದಿದ್ದರೆ

ಎರಡು ಬೇರೆ ಬೇರೆ ಮಾತ್ರೆ ಸರಿಯಾದ ಡೋಸಿನಲ್ಲಿ, ಸಾಕಷ್ಟು ದಿನ ತಗೊಂಡೂ ಗುಣ ಕಾಣದಿದ್ದರೆ ಮುಂದಿನ ದಾರಿಗಳಿವೆ. ಲಿಥಿಯಂನಂಥ ಇನ್ನೊಂದು ಔಷಧಿ ಸೇರಿಸುತ್ತಾರೆ. ಊಟ, ನೀರು ಬಿಟ್ಟು ಮಲಗಿದವರಿಗೆ, ಸಾಯುವ ಹಟ ಹಿಡಿದವರಿಗೆ ಇಸಿಟಿ ಕೊಡುತ್ತಾರೆ, ನಮ್ಮವರು ಕರೆಂಟ್ ಕೊಡುವುದು ಅನ್ನುವುದು ಇದನ್ನೇ. ಹೆಸರು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಾರಣ ಸಿನಿಮಾ. ಈಗ ಅರಿವಳಿಕೆ ಕೊಟ್ಟು, ಮೈ ಸಡಿಲವಾಗುವ ಔಷಧಿ ಕೊಟ್ಟು ಮಾಡುತ್ತಾರೆ, ಅರಿವಳಿಕೆ ಇಲ್ಲದೆ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ವಾರಕ್ಕೆ ಎರಡು ಮೂರು ಸಲ, ಸಾಮಾನ್ಯವಾಗಿ ಒಟ್ಟು 6ರಿಂದ 12. ಆ ದಿನಗಳ ಆಸುಪಾಸಿನ ನೆನಪು ಸ್ವಲ್ಪ ಮಸುಕಾಗುತ್ತದೆ, ಜಾಸ್ತಿ ಜನರಿಗೆ ಅದು ನಿಧಾನಕ್ಕೆ ಸರಿಹೋಗುತ್ತದೆ, ಕೆಲವರಿಗೆ ಕೆಲವು ನೆನಪು ಬಾರದೆಯೂ ಇರಬಹುದು. ಜೋರಾದ ಖಿನ್ನತೆಗೆ ಇಷ್ಟು ಬೇಗ ಕೆಲಸ ಮಾಡುವ ಚಿಕಿತ್ಸೆ ಕಡಿಮೆ. ಡಾಕ್ಟರು ಇದನ್ನು ಸೂಚಿಸಿದರೆ ಎದ್ದು ಬರಬೇಡಿ, ಕೂತು ಪ್ರಶ್ನೆ ಕೇಳಿ.

ಆರ್‌ಟಿಎಂಎಸ್ ಅಂತ ತಲೆಯ ಮೇಲೆ ಅಯಸ್ಕಾಂತದ ಅಲೆ ಕೊಡುವ ಚಿಕಿತ್ಸೆಯೂ ಇದೆ. ಅರಿವಳಿಕೆ ಬೇಡ, ಆದರೆ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕು. ಕೆಟಮಿನ್ ಅನ್ನುವ ಔಷಧಿಯನ್ನೂ ಕೆಲವು ಕಡೆ ಕೊಡುತ್ತಾರೆ. ಇವೆಲ್ಲ ಮನೋವೈದ್ಯರ ಮಾತಿನ ಮೇಲೆ ಹೋಗಬೇಕಾದವು, ಜಾಹೀರಾತು ನೋಡಿ ಅಲ್ಲ. ನಿಮ್ಹಾನ್ಸ್‌ಗೆ ಹೋಗುವುದಿದ್ದರೆ ಈ ಹಂತದಲ್ಲಿ, ಹಳೆಯ ಚೀಟಿಗಳ ಫೈಲ್ ಹಿಡಿದುಕೊಂಡು ಹೋಗಿ.

ಮನೆಯವರು ಏನು ಮಾಡಬೇಕು

"ಧೈರ್ಯ ತಗೋ", "ನಿಂಗೇನು ಕಮ್ಮಿ ಆಗಿದೆ", "ಮದುವೆ ಮಾಡಿದ್ರೆ ಸರಿಹೋಗ್ತಾನೆ", ಈ ಮೂರನ್ನೂ ಬಾಯಿಂದ ತೆಗೆದುಬಿಡಿ. ಕೊನೆಯದು ಅನ್ಯಾಯ ಕೂಡ, ಬರುವ ಹೆಣ್ಣುಮಗಳು ಏನು ತಪ್ಪು ಮಾಡಿದ್ದಾಳೆ? ಅದರ ಬದಲು ಮಾತ್ರೆ ಹೊತ್ತಿಗೆ ಸರಿಯಾಗಿ ನೀರು ತಂದುಕೊಡಿ, ಮುಂದಿನ ಭೇಟಿಯ ದಿನಾಂಕ ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ, ಜೊತೆಗೆ ಹೋಗಿ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ ಇರುವುದರಿಂದ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುವ ಖರ್ಚು ಈಗ ನೆಪವಾಗಬೇಕಿಲ್ಲ.

ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಹೇಳಿಕೊಂಡು ಹಗುರಾಗುತ್ತಾರೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಡಾಕ್ಟರಿಗೆ ತಿಳಿಸಿ. ಬೇಸಾಯದ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಇರುತ್ತದೆ. ಕಾಯಿಲೆ ಜೋರಾಗಿರುವಷ್ಟು ದಿನ ಅದು ಮನೆಯಲ್ಲಿ ಇರಲೇಬಾರದು, ಬೇರೆ ಯಾರದಾದರೂ ಮನೆಯಲ್ಲಿ ಬೀಗ ಹಾಕಿ ಇಡಿಸಿ. ಆ ಯೋಚನೆ ಎಷ್ಟೋ ಸಲ ಸ್ವಲ್ಪ ಹೊತ್ತಿನ ಆವೇಗದಲ್ಲಿ ಬಂದು ಹೋಗುತ್ತದೆ, ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಮಾತ್ರೆಯ ಪೊಟ್ಟಣವೂ ನಿಮ್ಮ ಹತ್ತಿರ ಇರಲಿ, ಒಂದು ದಿನಕ್ಕೆ ಬೇಕಾದ್ದು ಮಾತ್ರ ಕೊಡಿ. ಸಾಲ, ಕಬ್ಬಿನ ಬಾಕಿ, ಜಮೀನಿನ ಜಗಳ ಇದ್ದರೆ ಅದೂ ಚಿಕಿತ್ಸೆಯ ಭಾಗವೇ. ಮಾತ್ರೆ ಸಾಲ ತೀರಿಸುವುದಿಲ್ಲ. ಸೊಸೈಟಿಯವರ ಹತ್ತಿರ, ಬ್ಯಾಂಕಿನವರ ಹತ್ತಿರ ಮಾತಾಡುವ ಕೆಲಸವನ್ನು ಸ್ವಲ್ಪ ದಿನ ಬೇರೆ ಯಾರಾದರೂ ವಹಿಸಿಕೊಂಡರೆ ಆ ಮನುಷ್ಯನಿಗೆ ಉಸಿರಾಡಲು ಜಾಗ ಸಿಗುತ್ತದೆ.

ದುಡ್ಡಿನ ವಿಷಯ

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ, ಹೆಸರಿನ ಬ್ರಾಂಡಿಗಿಂತ ತುಂಬಾ ಕಡಿಮೆಗೆ ಬರುತ್ತದೆ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿಕೊಂಡರೆ ಅಲ್ಲಿ ಹುಡುಕಲು ಸುಲಭ. ಮಾತಿನ ಚಿಕಿತ್ಸೆ ಖಾಸಗಿಯಲ್ಲಿ ಪ್ರತಿ ವಾರ ಫೀಸ್ ಆಗುವುದರಿಂದ ಭಾರವೇ. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ ಅಂತ ಮೊದಲು ವಿಚಾರಿಸಿ. ಇನ್ಶೂರೆನ್ಸ್ ಇದ್ದರೆ, ದೈಹಿಕ ಕಾಯಿಲೆಗೆ ಇರುವ ಹಾಗೆಯೇ ಮಾನಸಿಕ ಕಾಯಿಲೆಗೂ ಕೊಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ. ಆದರೆ ಬಹಳಷ್ಟು ಪಾಲಿಸಿಗಳು ಅಡ್ಮಿಟ್ ಆದಾಗ ಮಾತ್ರ ಕೊಡುವುದರಿಂದ ಓಪಿಡಿ ಮಾತ್ರೆಯ ಬಿಲ್ ಕೈಯಿಂದಲೇ ಹೋಗುತ್ತದೆ.

ಕೊನೆಗೆ ಫೈಲಿನ ವಿಷಯ. ಪ್ರತಿ ಚೀಟಿಯ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಮೂಲ ಚೀಟಿ ಒಂದು ಕವರಿನಲ್ಲಿ. ಒಮ್ಮೆ ಬಂದ ಖಿನ್ನತೆ ಮುಂದೆ ಮತ್ತೆ ಬರುವ ಸಾಧ್ಯತೆ ಇದೆ, ಮುಂಚೆಯೇ ಕಾಣುವ ಲಕ್ಷಣ ಒಬ್ಬೊಬ್ಬರಿಗೆ ಒಂದೊಂದು. ಚಿಕ್ಕಮ್ಮನಿಗೆ ಬೆಳಗಿನ ಜಾವದ ಎಚ್ಚರ. ನಿಮ್ಮವರಿಗೆ ಅದು ಏನು ಅಂತ ಗುಣವಾಗಿರುವಾಗಲೇ ಕೂತು ಮಾತಾಡಿ ಅದೇ ಕವರಿನ ಮೇಲೆ ಬರೆದಿಡಿ. ಅದು ಕಂಡ ವಾರವೇ ಹಳೆಯ ಚೀಟಿ ಹಿಡಿದು ಹೋದರೆ, ಹೋದ ಸಲ ಹಿಡಿಸಿದ ಮಾತ್ರೆ ಯಾವುದು, ಡೋಸ್ ಎಷ್ಟು, ಯಾವುದರಿಂದ ತೊಂದರೆಯಾಗಿತ್ತು ಅಂತ ನೋಡಿ ಡಾಕ್ಟರು ಅಲ್ಲಿಂದಲೇ ಶುರು ಮಾಡುತ್ತಾರೆ.